ತೋಪ್ ತೆನಿ ಇಲ್ಲದ ಸೀರೆಗೆ 6,500 ರೂಪಾಯಿ ದಂಡ

ಇಳಕಲ್, ಬಾಗಲಕೋಟೆ ಜಿಲ್ಲೆ

ಹೋಟೆಲಿನ ಜನರಲ್ ಮ್ಯಾನೇಜರ್ ಅವರಿಗೆ,

ವಿಷಯ: ನಿಮ್ಮ 'ನೇಯ್ಗೆ' ರೂಮಿನಲ್ಲಿ ಎರಡು ರಾತ್ರಿ ಇದ್ದಾಗ, ಗೋಡೆಯ ಸೀರೆಗೆ ಹಾನಿ ಮಾಡಿದಿರಿ ಅಂತ ಹಾಕಿದ ದಂಡದ ಬಗ್ಗೆ.

ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಮೂರು ಮೇಲ್ ಕಳಿಸಿದೆ, ಹಿಂದಿಯಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ಎರಡೂ ನಿಮಗೆ ತಿಳಿದಂತೆ ಕಾಣಲಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಕುಂದಾಪುರದ ಹುಡುಗ ಒಬ್ಬನಿದ್ದಾನೆ, ಅವನಿಂದ ಓದಿಸಿಕೊಳ್ಳಿ. ಇಡೀ ಹೋಟೆಲಿನಲ್ಲಿ ನಮ್ಮವ್ವನನ್ನು "ಊಟ ಆಯ್ತಾ ಅಮ್ಮ" ಅಂತ ಕೇಳಿದವನು ಅವನೊಬ್ಬನೇ.

ಸಮಾಧಾನದಿಂದ ಬರೆಯಬೇಕು ಅಂತಲೇ ಕೂತಿದ್ದೇನೆ. ನಿನ್ನೆ ಬಂದ ನಿಮ್ಮ ಉತ್ತರ ಓದಿದ ಮೇಲೆ ಅದು ಸ್ವಲ್ಪ ಕಷ್ಟ. ಹಣ ವಾಪಸ್ ಇಲ್ಲವಂತೆ. ಆದರೆ ಮುಂದಿನ ಸಲ ಬಂದರೆ ಶೇಕಡಾ 10 ರಿಯಾಯಿತಿಯಂತೆ. ಕೆಳಗೆ ಒಂದು ಲಿಂಕ್ ಬೇರೆ: ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?

ನಮ್ಮ ಮಗಳು ಮುಂಬೈಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಜ್ಜಿಗೆ ಊರು ತೋರಿಸಬೇಕು ಅಂತ ದಿನಕ್ಕೆ 8,400 ರೂಪಾಯಿಯ ನಿಮ್ಮ ರೂಮು ಹಿಡಿದಳು. ಒಂದೊಂದು ರೂಮಿಗೂ ಒಂದೊಂದು ಕಲೆ ಅಂತೆ. ನಮ್ಮದರಲ್ಲಿ ಗೋಡೆ ತುಂಬ ಇಳಕಲ್ ಸೀರೆ. ಫೋಟೋ ನೋಡಿಯೇ ಅವ್ವ ಹೊರಟಿದ್ದು. ಬಾಗಲಕೋಟೆಯಲ್ಲಿ ರೈಲು ಹತ್ತಿ, ವಿಜಯಪುರ, ಸೊಲ್ಲಾಪುರ ದಾಟಿ ಬಂದೆವು. ಮೊದಲ ದಿನ ಚೆನ್ನಾಗಿಯೇ ಇತ್ತು. ಜಹಾಂಗೀರ್ ಆರ್ಟ್ ಗ್ಯಾಲರಿ ನೋಡಿದೆವು. ಅಲ್ಲೇ ಕಾಳಾ ಘೋಡಾದ ಕುದುರೆ ಮೂರ್ತಿ ಮೇಲೆ ಸವಾರ ಯಾಕಿಲ್ಲ ಅಂತ ಅವ್ವ ಕೇಳಿದಳು. ಇಂಗ್ಲೆಂಡಿನ ರಾಜ ಕೂತಿದ್ದ ಹಳೇ ಮೂರ್ತಿಯನ್ನು 1965ರಲ್ಲೇ ತೆಗೆದರು, ಈ ಖಾಲಿ ಕುದುರೆ 2017ರದ್ದು ಅಂತ ಮಗಳು ಹೇಳಿದಳು. "ಇಳಿದು ಹೋದನಲ್ಲ, ಛಲೋ ಆತು" ಅಂದಳು ಅವ್ವ.

ಬಚ್ಚಲಿನಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಅದನ್ನು ಬಿಡುತ್ತೇನೆ. ಜೋಳದ ರೊಟ್ಟಿಗೆ ಬೇರೇನೋ ಹೆಸರಿಟ್ಟು ಒಂದಕ್ಕೆ 420 ರೂಪಾಯಿ ತಗೊಂಡಿದ್ದೀರಿ. ಅದನ್ನೂ ಬಿಡುತ್ತೇನೆ, ತಿಂದಿದ್ದೇವೆ.

ಈಗ ಆ ಸೀರೆ. ಹಿತ್ತಾಳೆ ಕೋಲಿಗೆ ಇಳಿಬಿಟ್ಟಿದ್ದಿರಿ, ಮುಂದೆ ಗಾಜಿಲ್ಲ. ಕೆಳಗಿನ ಚೀಟಿಯಲ್ಲಿ 'ಕೈಮಗ್ಗದ ಇಳಕಲ್ ಸೀರೆ, ಮಹಾರಾಷ್ಟ್ರ' ಅಂತ ಇತ್ತು. ನಮ್ಮೂರು ಯಾವಾಗ ಆ ಕಡೆ ಹೋಯಿತು ಅಂತ ನಮಗೆ ಯಾರೂ ಹೇಳಿಲ್ಲ.

ನಮ್ಮವ್ವ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು. ಸೀರೆ ಕಂಡರೆ ಅವಳ ಕೈ ಮೊದಲು ಹೋಗುವುದು ಸೆರಗಿನ ಹಿಂಭಾಗಕ್ಕೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಒಡಲು ಹತ್ತಿಯಾದರೂ ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದೇ ತೋಪ್ ತೆನಿ. ಅವ್ವ ಸೆರಗು ಮಗುಚಿ ನೋಡಿದಳು. "ಜೋಡಣಿನೇ ಇಲ್ಲಲ್ಲೋ, ಇದು ಮಷಿನ್ ಸೀರಿ ಐತಿ" ಅಂದಳು. ದಡಿಯಲ್ಲಿ ಒಂದು ಎಳೆ ಎದ್ದಿತ್ತು. ಸುಮ್ನೆ ಇರಲಾರದೆ ಅದನ್ನು ಹೊಸೆದು ಒಳಗೆ ಸೇರಿಸಿದಳು. ಅಷ್ಟರಲ್ಲಿ ಟವೆಲ್ ತಂದ ನಿಮ್ಮ ಹುಡುಗ ನೋಡಿ, ಫೋಟೋ ಹೊಡೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆ. ಕೌಂಟರ್ ಮುಂದೆ ಎಂಟು ಹತ್ತು ಜನ. ಕಪ್ಪು ಕೋಟಿನ ನಿಮ್ಮ ಡ್ಯೂಟಿ ಮ್ಯಾನೇಜರ್ ಬಿಲ್ ತಿರುಗಿಸಿ ತೋರಿಸಿದರು. 'ಕಲಾಕೃತಿ ಹಾನಿ, 6,500.' ಏನು ಹಾನಿ ಅಂದೆ. ಟ್ಯಾಬ್ ತೆಗೆದು ಫೋಟೋ ದೊಡ್ಡದು ಮಾಡಿದರು. ಅವ್ವನ ಬೆರಳು, ದಡಿ. ಇನ್ನೂ ದೊಡ್ಡದು ಮಾಡಿದರು. ಸೆರಗಿನಲ್ಲಿ ಕಲೆಯಾಗಿದೆ ಅಂದರು. ಎಲ್ಲಿ ಅಂದೆ. ಕೆಂಪಿನ ಮೇಲೆ ಕೆಂಪು ಕಾಣಲ್ಲ ಸರ್, ಅಂದರು. ಆಮೇಲೆ ಅವ್ವನ ಕಡೆ ತಿರುಗಿ, "ಆಂಟೀಜಿ, ಪಾನ್ ಖಾತೀ ಹೈಂ? ಹಾಥ್ ದಿಖಾಯಿಯೇ" ಅಂದರು. ಎಲೆ ಅಡಿಕೆ ತಿಂತೀರಾ, ಕೈ ತೋರಿಸಿ ಅಂತ.

ಅವ್ವನಿಗೆ ಹಿಂದಿ ಬರುವುದಿಲ್ಲ, ಆದರೆ ಹಾಥ್ ಅಂದರೆ ಗೊತ್ತು. ಏನೋ ಕೊಡುತ್ತಾರೆ ಅಂದುಕೊಂಡು ಎರಡೂ ಕೈ ಚಾಚಿದಳು. ಅವರು ಬಗ್ಗಿ, ಬೆರಳು ಬೆರಳು ನೋಡಿದರು. ಮುಟ್ಟಲಿಲ್ಲ, ಪೆನ್ನಿನ ತುದಿಯಿಂದ ತೋರಿಸುತ್ತಾ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ತಮ್ಮ ಬ್ಯಾಗನ್ನು ಸ್ವಲ್ಪ ಆಚೆ ಎಳೆದುಕೊಂಡರು. ಅವ್ವ ಅವತ್ತು ಉಟ್ಟಿದ್ದೂ ಇಳಕಲ್ ಸೀರೆಯೇ. ತಾನೇ ನೇಯ್ದದ್ದು, ತೋಪ್ ತೆನಿ ಇರುವುದು. ಅದನ್ನು ಯಾರೂ ನೋಡಲಿಲ್ಲ. ಈ ಸೀರೆ ಮುಟ್ಟೋಕಲ್ಲ, ನೋಡೋಕೆ ಅಂತ ಆಮೇಲೆ ನನಗೆ ವಿವರಿಸಿದರು. ರೈಲಿಗೆ ಹೊತ್ತಾಗಿತ್ತು, ಹಣ ಕಟ್ಟಿದೆ. ವಿಜಯಪುರ ಬರುವವರೆಗೆ ಅವ್ವ ಎಲೆ ಅಡಿಕೆ ಚೀಲ ಬಿಚ್ಚಲಿಲ್ಲ.

ನಿಮ್ಮ ಒಂಬತ್ತನೇ ನಿಯಮ ನಿಮಗೆ ಗೊತ್ತೇ ಇದೆ, ನೀವೇ ಬರೆದದ್ದು ಅಲ್ವಾ? ಹಾನಿಯ ಮೊತ್ತವನ್ನು 'ಆ ಕಲೆಯ ಕುಶಲಕರ್ಮಿಯ ಅಂದಾಜಿನ ಮೇಲೆ' ವಸೂಲಿ ಮಾಡಬೇಕು ಅಂತ ಅದರಲ್ಲಿದೆ. ಆ ಕಲೆಯ ಕುಶಲಕರ್ಮಿ ಅವತ್ತು ನಿಮ್ಮ ಕೌಂಟರ್ ಮುಂದೆಯೇ ಕೈ ಚಾಚಿ ನಿಂತಿದ್ದಳು. ಅವಳ ಅಂದಾಜು: ಹಾನಿ ಸೊನ್ನೆ, ಎಳೆ ಸರಿಮಾಡಿದ ಕೂಲಿ ಬಾಕಿ. ಕೂಲಿ ಬೇಡವಂತೆ.

ನಾನು ಕೇಳುವುದು ಜಾಸ್ತಿ ಏನಲ್ಲ. 6,500 ವಾಪಸ್ ಕೊಡಿ. ಊಟದ ಬಿಲ್‌ಗೆ ಕೇಳದೇ ಸೇರಿಸಿದ ಸರ್ವಿಸ್ ಚಾರ್ಜನ್ನೂ ಕೊಡಿ. ಹಾಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಚೀಟಿಯಲ್ಲಿ ಕರ್ನಾಟಕ ಅಂತ ಬರೆಯಿರಿ, 'ಕೈಮಗ್ಗ' ಅನ್ನುವುದನ್ನು ಹೊಡೆದುಹಾಕಿ. ಅವ್ವನಿಗೆ ಒಂದು ಕ್ಷಮೆ ಪತ್ರ, ಕನ್ನಡದಲ್ಲಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಪತ್ರ ಬರೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿಮ್ಮ ಕೆಳಗಿನ ಅಂಗಡಿಯಲ್ಲಿ ಅದೇ ಥರದ ಸೀರೆಗೆ 14,500 ಅಂತ ಬರೆದು, ಕೈಮಗ್ಗದ ಇಳಕಲ್ ಅಂತ ಮಾರುತ್ತಿದ್ದೀರಿ. ಅದರ ಫೋಟೋ ನನ್ನ ಹತ್ತಿರವೂ ಇದೆ, ದೊಡ್ಡದು ಮಾಡಿಯೂ ನೋಡಬಹುದು. ಇಳಕಲ್ ಸೀರೆಗೆ ಜಿಐ, ಅಂದರೆ ಇದು ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತಿದೆ. ಸುಳ್ಳು ಜಿಐ ಹೆಸರಲ್ಲಿ ಮಾರಿದರೆ 1999ರ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ. ನಮ್ಮ ಓಣಿಯ ನೇಕಾರರಿಗೆಲ್ಲ ಈ ಫೋಟೋ ಕಳಿಸುವುದಕ್ಕೆ ನನಗೆ ಐದು ನಿಮಿಷ ಸಾಕು.

ಕೇಸನ್ನು ಏಪ್ರಿಲ್ ತಿಂಗಳಿಗೆ ಸರಿಯಾಗಿ ಹಾಕುತ್ತೇನೆ. ನಿಮ್ಮ ಡ್ಯೂಟಿ ಮ್ಯಾನೇಜರ್ ಆ ಕಪ್ಪು ಕೋಟು ಹಾಕಿಕೊಂಡೇ ಬಾಗಲಕೋಟೆಗೆ ಬರಲಿ. ನಮ್ಮವ್ವನೂ ಬರುತ್ತಾಳೆ, ಎಲೆ ಅಡಿಕೆ ಹಾಕಿಕೊಂಡೇ. ಅವತ್ತು ಕೈ ತೋರಿಸುವ ಸರದಿ ಅವರದು.

ಇಂತಿ,
ನಿಮ್ಮ 'ನೇಯ್ಗೆ' ರೂಮಿನ ಹಳೇ ಗಿರಾಕಿ