ಹಣ ವಾಪಸ್ ಕೊಡಲು ಪಾಸ್‌ಬುಕ್ಕಿನ ಫೋಟೊ ಏಕೆ?

ಮಾನ್ಯ ಸಂಪಾದಕರೇ,

ಖಾತೆಯ ವಿವರಗಳನ್ನು ಯಾರಿಗೂ ಕೊಡಬೇಡಿ ಎಂದು ಬ್ಯಾಂಕುಗಳು ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುತ್ತಲೇ ಇರುತ್ತವೆ. ಅದೇ ಗ್ರಾಹಕರು ತಾವು ಕಟ್ಟಿದ್ದ ಠೇವಣಿಯನ್ನೋ, ರದ್ದಾದ ಬುಕಿಂಗಿನ ಮುಂಗಡವನ್ನೋ, ಹೆಚ್ಚಾಗಿ ಪಾವತಿಸಿದ ಶುಲ್ಕವನ್ನೋ ವಾಪಸ್ ಕೇಳಲು ಹೋದರೆ, 'ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್, ಪ್ಯಾನ್ ಎಲ್ಲವನ್ನೂ ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ' ಎಂಬ ಉತ್ತರ ಬರುತ್ತದೆ. ಎರಡು ಮಾತುಗಳ ನಡುವೆ ಸಿಕ್ಕಿಕೊಂಡವರು ಒಂದೋ ಹೆದರಿ ತಮಗೆ ಬರಬೇಕಾದ ಹಣದ ಆಸೆಯನ್ನೇ ಬಿಡುತ್ತಾರೆ, ಇಲ್ಲವೇ ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತಾರೆ. ರೀಫಂಡ್ ಹೆಸರಿನಲ್ಲಿ ಕರೆ ಮಾಡುವ ವಂಚಕರಿಗೆ ಅನುಕೂಲವಾಗಿರುವುದು ಈ ಗೊಂದಲವೇ.

ನೆಫ್ಟ್, ಆರ್‌ಟಿಜಿಎಸ್ ಅಥವಾ ಐಎಂಪಿಎಸ್ ಎಂಬ ಬ್ಯಾಂಕ್ ವರ್ಗಾವಣೆ ವ್ಯವಸ್ಥೆಗಳ ಮೂಲಕ ಒಂದು ಖಾತೆಗೆ ಹಣ ಹಾಕಲು ಬೇಕಾಗುವುದು ಖಾತೆದಾರರ ಹೆಸರು, ಖಾತೆ ಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಕೋಡ್ ಮಾತ್ರ. ಡೆಬಿಟ್ ಕಾರ್ಡಿನ ಸಂಖ್ಯೆ, ಅದರ ಅವಧಿ ಮುಗಿಯುವ ದಿನಾಂಕ, ಹಿಂಬದಿಯ ಸಿವಿವಿ, ಪಿನ್, ಒಟಿಪಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇವು ಯಾವುವೂ ಹಣ ಪಡೆಯಲು ಬೇಕಿಲ್ಲ. ಇವುಗಳಲ್ಲಿ ಒಂದನ್ನು ಕೇಳಿದರೂ ಆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಕೊಡಬೇಕಾದ ಆ ಮೂರು ವಿವರಗಳನ್ನು ಮಾತ್ರ ತಪ್ಪಿಲ್ಲದಂತೆ, ಸಾಧ್ಯವಾದರೆ ಬರೆದೇ ಕೊಡಬೇಕು. ಐಎಫ್‌ಎಸ್‌ಸಿಯಲ್ಲಿರುವ 11 ಅಕ್ಷರಗಳ ಪೈಕಿ ಐದನೆಯದು ಸೊನ್ನೆ. ಅದನ್ನು ಇಂಗ್ಲಿಷಿನ 'ಒ' ಅಕ್ಷರವೆಂದು ಬರೆದು ಅರ್ಜಿ ವಾಪಸ್ ಬರುವುದು ಕೌಂಟರಿನಲ್ಲಿ ಕೂತವರಿಗೆಲ್ಲ ಗೊತ್ತಿರುವ ಸಂಗತಿ. ಖಾತೆ ಸಂಖ್ಯೆಯಲ್ಲಿ ಆಗುವ ತಪ್ಪು ಇದಕ್ಕಿಂತ ದುಬಾರಿ, ಏಕೆಂದರೆ ಹಣ ಜಮೆಯಾಗುವುದು ಸಂಖ್ಯೆಯನ್ನು ನೋಡಿಯೇ ಹೊರತು ಹೆಸರನ್ನು ನೋಡಿ ಅಲ್ಲ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮೊದಲೇ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ರೀಫಂಡ್ ಕೊಡುವ ಸಂಸ್ಥೆಗಳ ಲೆಕ್ಕ ವಿಭಾಗದವರು ಇದನ್ನು ಬಳಸಿದರೆ, ಹೆಸರನ್ನು ಖಚಿತಪಡಿಸಿಕೊಳ್ಳಲು ಪಾಸ್‌ಬುಕ್ ಬೇಕೆಂಬ ವಾದದಲ್ಲಿ ಹೆಚ್ಚು ಹುರುಳು ಉಳಿಯುವುದಿಲ್ಲ.

ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸ ಮತ್ತು ಗ್ರಾಹಕರ ಗುರುತಿನ ಸಂಖ್ಯೆ ಇರುತ್ತವೆ. ಹಲವೆಡೆ ಭಾವಚಿತ್ರ, ಮೊಬೈಲ್ ಸಂಖ್ಯೆಯೂ ಇರುತ್ತವೆ. ಬರೀ ಖಾತೆ ಸಂಖ್ಯೆಯಿಂದ ಯಾರೂ ಹಣ ತೆಗೆಯಲಾರರು ಎಂಬುದು ನಿಜ. ಆದರೆ ಈ ಪುಟವನ್ನು ಮುಂದಿಟ್ಟುಕೊಂಡು ಕರೆ ಮಾಡುವವನು ನಿಮ್ಮ ಹೆಸರು, ಶಾಖೆ, ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ತಾನೇ ಹೇಳಿ, ತಾನು ಬ್ಯಾಂಕಿನವನೆಂದು ನಂಬಿಸಿ, ಒಟಿಪಿಯೊಂದನ್ನು ನಿಮ್ಮ ಬಾಯಿಂದಲೇ ಹೊರಡಿಸಬಲ್ಲ. ರದ್ದು ಮಾಡಿದ ಚೆಕ್ ಕೇಳಿದರೆ ಅಡ್ಡಲಾಗಿ ಎರಡು ಗೆರೆ ಎಳೆದು ನಡುವೆ 'ಕ್ಯಾನ್ಸಲ್ಡ್' ಎಂದು ಬರೆದರೆ ಸಾಕು, ಸಹಿ ಹಾಕುವ ಅಗತ್ಯವಿಲ್ಲ. ಸಹಿ ಇಲ್ಲದ ಚೆಕ್ ನಡೆಯುವುದಿಲ್ಲ ಎಂದು ಹಟ ಹಿಡಿಯುವ ಕಚೇರಿಗಳಿವೆ. ಸಹಿಯ ಮಾದರಿ ಅವರಿಗೆ ಏತಕ್ಕೆ ಬೇಕೋ ತಿಳಿಯದು. ಗುರುತಿಗಾಗಿ ಆಧಾರ್ ಕೊಡಲೇಬೇಕಾದಾಗ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಕೊಡಬಹುದು.

ಯುಪಿಐ ವಿಷಯದಲ್ಲಿ ಮೋಸದ ಸ್ವರೂಪ ಬೇರೆ. 'ರೀಫಂಡ್ ಕಳಿಸಿದ್ದೇವೆ, ಒಪ್ಪಿಕೊಳ್ಳಿ' ಎಂಬ ಮಾತಿನ ಬೆನ್ನಿಗೇ ಮೊಬೈಲ್ ಪರದೆಯ ಮೇಲೆ ಮೊತ್ತ, ಅದರಡಿ 'ರೀಫಂಡ್' ಎಂಬ ಟಿಪ್ಪಣಿ, ಕೆಳಗೆ 'ಪೇ' ಎಂಬ ಗುಂಡಿ ಕಾಣಿಸುತ್ತದೆ. ಟಿಪ್ಪಣಿಯನ್ನು ಓದಿದವರು ಗುಂಡಿಯ ಮೇಲಿನ ಪದವನ್ನು ಓದುವುದಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಖಾತೆಯಲ್ಲಿರುವ ಮೊತ್ತವನ್ನು ನೋಡಲು. ಹಣ ಪಡೆಯಲು ಪಿನ್ ಒತ್ತುವ ಪ್ರಸಂಗವೇ ಇಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಪ್ರಸಂಗವೂ ಇಲ್ಲ. ಫೋನಿನ ಪರದೆಯನ್ನು ದೂರದಿಂದ ನೋಡಬಲ್ಲ ಆ್ಯಪ್ ಹಾಕಿಕೊಳ್ಳಿ ಎಂದು ಹೇಳುವ 'ಕಸ್ಟಮರ್ ಕೇರ್' ಸಿಬ್ಬಂದಿಯ ಮಾತಿಗೂ ಕಿವಿಗೊಡಬಾರದು.

ವಿವರ ಕೊಡುವ ಅಗತ್ಯವೇ ಇಲ್ಲದ ರೀಫಂಡುಗಳೂ ಇವೆ. ಎಟಿಎಂ ಅಥವಾ ಯುಪಿಐ ವ್ಯವಹಾರ ವಿಫಲವಾಗಿ ಖಾತೆಯಿಂದ ಹಣ ಕಡಿತವಾಗಿದ್ದರೆ, ನಿಗದಿತ ದಿನಗಳೊಳಗೆ ಅದನ್ನು ಬ್ಯಾಂಕ್ ತಾನಾಗಿಯೇ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಗ್ರಾಹಕರು ಕೇಳುವುದಕ್ಕೆ ಕಾಯದೆ ಜಮೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ತಿಂಗಳ ಸುತ್ತೋಲೆ ಹೇಳುತ್ತದೆ. ಆದಾಯ ತೆರಿಗೆಯ ರೀಫಂಡ್, ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತೆರಿಗೆದಾರರು ಮೊದಲೇ ದೃಢೀಕರಿಸಿಕೊಂಡ ಖಾತೆಗೆ ಬರುತ್ತದೆ. ಆದ್ದರಿಂದ ಈ ಎರಡರ ಹೆಸರಿನಲ್ಲಿ ಲಿಂಕ್ ಕಳಿಸಿ ಖಾತೆಯ ವಿವರ ತುಂಬಿಸಿಕೊಳ್ಳುವವರನ್ನು ವಂಚಕರೆಂದೇ ತಿಳಿಯಬೇಕು.

ಎಚ್ಚರದ ಹೊಣೆಯನ್ನೆಲ್ಲ ಗ್ರಾಹಕರ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ಪಿನ್, ಒಟಿಪಿಯಂಥ ಗುಟ್ಟುಗಳನ್ನು ಗ್ರಾಹಕರೇ ಹೇಳಿಕೊಟ್ಟು ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿದೆ. (ಮೋಸ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೂ ತಿಳಿಸಬೇಕು ಎನ್ನುವುದು ಇದಕ್ಕಾಗಿಯೇ.) ಆದರೆ ನೂರಾರು ಜನರ ಪಾಸ್‌ಬುಕ್, ಆಧಾರ್ ಚಿತ್ರಗಳನ್ನು ಸಿಬ್ಬಂದಿಯೊಬ್ಬರ ಸ್ವಂತ ಮೊಬೈಲಿನ ಗ್ಯಾಲರಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೊಗಳ ಜೊತೆಗೆ ಉಳಿಸುವ ಸಂಸ್ಥೆಯನ್ನು ಕೇಳುವವರು ಯಾರು? ಉದ್ದೇಶಕ್ಕೆ ಅಗತ್ಯವಾದಷ್ಟೇ ವೈಯಕ್ತಿಕ ಮಾಹಿತಿಯನ್ನು ಪಡೆಯಬೇಕೆಂಬ ತತ್ವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಅದು ಕಚೇರಿಗಳ ಅರ್ಜಿ ನಮೂನೆಗಳಲ್ಲಿಯೂ ಕಾಣಬೇಕು.

ಹಣ ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಮರಳಿಸುವುದನ್ನು ಸಂಸ್ಥೆಗಳು ರೂಢಿ ಮಾಡಿಕೊಂಡರೆ ವಿವರ ಕೇಳುವ ಸಂದರ್ಭಗಳೇ ಬಹುಪಾಲು ತಪ್ಪುತ್ತವೆ. ನಗದಾಗಿ ಕಟ್ಟಿದ್ದರೆ, ಅಥವಾ ಹಳೆಯ ಖಾತೆ ಮುಚ್ಚಿಹೋಗಿದ್ದರೆ, ಮೇಲೆ ಹೇಳಿದ ಮೂರೇ ವಿವರಗಳಿರುವ ನಮೂನೆಯನ್ನು ಕಚೇರಿಯಲ್ಲೇ ಅಥವಾ ಸಂಸ್ಥೆಯ ಅಧಿಕೃತ ಇ-ಮೇಲ್‌ನಲ್ಲಿ ಪಡೆಯಲಿ. ಬ್ಯಾಂಕುಗಳು ಕೂಡ 'ಯಾರಿಗೂ ಏನನ್ನೂ ಕೊಡಬೇಡಿ' ಎಂಬ ಒಂದೇ ಸಾಲಿನ ಎಸ್ಸೆಮ್ಮೆಸ್ ಬದಲಿಸಿ, ಹಣ ಪಡೆಯಲು ಯಾವ ವಿವರ ಕೊಡಬಹುದು, ಯಾವುದನ್ನು ಕೊಡಲೇಬಾರದು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ತಿಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ