ಆರು ತಿಂಗಳ ಮಾತ್ರೆ ಮುಗಿದ ಹೊತ್ತಿನಲ್ಲಿ ಒಂದಿಷ್ಟು ಥ್ಯಾಂಕ್ಸ್

ನಮ್ಮ ಡಿಆರ್ ಟಿಬಿ (ಔಷಧಕ್ಕೆ ಬಗ್ಗದ ಟಿಬಿ) ಕೇಂದ್ರದಲ್ಲಿ ಬಿಪಾಲ್ಮ್ ಎಂಬ ನಾಲ್ಕು ಔಷಧಗಳ ಕೋರ್ಸ್ ಶುರುಮಾಡಿದ್ದ ಮೊದಲ ತಂಡದವರು 26 ವಾರ ಮುಗಿಸಿದ್ದಾರೆ. ಟಿಬಿಯ ಮುಖ್ಯ ಔಷಧಗಳಾದ ರಿಫಾಂಪಿಸಿನ್, ಐಸೋನಿಯಾಜಿಡ್ ಎರಡಕ್ಕೂ ಬಗ್ಗದ ಟಿಬಿ, ಅಂದರೆ ಎಂಡಿಆರ್, ಇವರದು. ಇದೇ ಕಾಯಿಲೆಗೆ ಹಿಂದೆ ಎರಡು ವರ್ಷ ಔಷಧ, ಅದರಲ್ಲಿ ಮೊದಲ ಆರು ತಿಂಗಳಾದರೂ ಕನಾಮೈಸಿನ್ ಸೂಜಿ. ಸೂಜಿ ಮುಗಿಯುವಷ್ಟರಲ್ಲಿ ಕೆಲವರಿಗೆ ಕಿವಿಯೇ ಹೋಗಿರುತ್ತಿತ್ತು. ಈಗ ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್. ನಾಲ್ಕೂ ನುಂಗುವ ಮಾತ್ರೆಗಳೇ. ಇಲ್ಲಿಯವರೆಗೆ ಮುಟ್ಟಿಸಿದವರನ್ನು ನೆನೆಯಲು ಈ ಬರಹ.

ಮೊದಲು ಕಫ ತಂದುಕೊಟ್ಟವರಿಗೆ. ಲ್ಯಾಬಿನ ಯಂತ್ರ ಎಷ್ಟೇ ದುಬಾರಿಯದಾಗಲಿ, ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ಅದೇನು ಹೇಳೀತು? ಬೆಳಗ್ಗೆ ಎದ್ದು ನೀರಿನಿಂದ ಬಾಯಿ ಮುಕ್ಕಳಿಸಿ, ಒಂದೆರಡು ಸಲ ದೀರ್ಘವಾಗಿ ಉಸಿರೆಳೆದು ಹಿಡಿದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ 2ರಿಂದ 5 ಮಿ.ಲೀ. ಬೇಕು. ಅದೂ ಮನೆಯೊಳಗಲ್ಲ, ಬಯಲಿನಲ್ಲಿ. ಸಂಕೋಚ ಬಿಟ್ಟು ಹಿತ್ತಲಲ್ಲಿ ನಿಂತು ತಾವೇ ಕೆಮ್ಮಿ ತೋರಿಸಿಕೊಟ್ಟ ಆಶಾ ಕಾರ್ಯಕರ್ತೆಯರಿಗೆ ನಮ್ಮ ನಮಸ್ಕಾರ. ಹೆಸರನ್ನು ಮುಚ್ಚಳದ ಮೇಲಲ್ಲ, ಟ್ಯೂಬಿನ ಮೈಮೇಲೇ ಬರೆದಿರಿ. ಮುಚ್ಚಳ ಅದಲುಬದಲಾದರೆ ಒಬ್ಬರ ರೋಗಕ್ಕೆ ಇನ್ನೊಬ್ಬರು ಮಾತ್ರೆ ನುಂಗಬೇಕಾಗುತ್ತದೆ. ಮೂರು ಪದರ ಪ್ಯಾಕ್ ಮಾಡಿ, ಜೆಲ್ ಪ್ಯಾಕ್ ಇಟ್ಟು, ತಣ್ಣಗಿರುವಾಗಲೇ ಲ್ಯಾಬಿಗೆ ತಲುಪಿಸಿದವರಿಗೂ ಅಷ್ಟೇ ಋಣಿ. ಬಿಸಿಲಲ್ಲಿ ಕುಳಿತ ಕಫದಲ್ಲಿ ಬೇರೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದು ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕೆಡುತ್ತದೆ. ಕೆಟ್ಟರೆ ಮತ್ತೆ ಮೊದಲಿನಿಂದ ಶುರು. ದ್ರವ ಕಲ್ಚರಿನಲ್ಲಿ ‘ಏನೂ ಬೆಳೆದಿಲ್ಲ’ ಎನ್ನಲು 42 ದಿನ ಕಾಯಬೇಕು.

ಲ್ಯಾಬ್ ಟೆಕ್ನಿಷಿಯನ್‌ಗಳೇ, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಯಲ್ಲಿ ಕಫದ ಎರಡರಷ್ಟು ರೀಏಜೆಂಟ್ (ಲೋಳೆ ಕರಗಿಸುವ ದ್ರವ) ಹಾಕಿ, ಜೋರಾಗಿ ಕುಲುಕಿ, 15 ನಿಮಿಷ ಇಟ್ಟು, ನಡುವೆ ಇನ್ನೊಮ್ಮೆ ಕುಲುಕುವ ಕೆಲಸವನ್ನು ಮಧ್ಯಾಹ್ನದ ಗಡಿಬಿಡಿಯಲ್ಲೂ ನೀವು ಅವಸರಿಸಲಿಲ್ಲ. ಲೋಳೆ ಕರಗದೆ ಯಂತ್ರದೊಳಗಿಡುವ ಕಾರ್ಟ್ರಿಜ್‌ಗೆ ಹೋದರೆ ಒಳಗಿನ ಒತ್ತಡ ಏರಿ ಯಂತ್ರ ಎರರ್ ತೋರಿಸುತ್ತದೆ, ಒಂದು ಕಾರ್ಟ್ರಿಜ್ ದಂಡ. ಸಾಮಾನ್ಯ ಕಾರ್ಟ್ರಿಜ್ ಎರಡು ಗಂಟೆಯಲ್ಲಿ ಟಿಬಿ ಇದೆಯೇ ಎಂಬುದರ ಜೊತೆಗೆ ಹೇಳುವುದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬ ಸಂಗತಿ ಮಾತ್ರ. ಐಸೋನಿಯಾಜಿಡ್, ಫ್ಲೋರೋಕ್ವಿನೋಲೋನ್ (ಮಾಕ್ಸಿಫ್ಲಾಕ್ಸಾಸಿನ್ ಗುಂಪಿನ ಔಷಧ) ವಿಷಯಕ್ಕೆ ಎಲ್‌ಪಿಎ ಎಂಬ ಇನ್ನೊಂದು ಜೀನ್ ಪರೀಕ್ಷೆಯ ಪಟ್ಟಿಯ ಮಸುಕು ಗೆರೆಗಳನ್ನು ಕಣ್ಣು ಕೀಲಿಸಿ ಓದಿದವರೂ ನೀವೇ.

ಮಾತ್ರೆ ಕೊಟ್ಟು ನಿಭಾಯಿಸಿದವರ ಕೆಲಸ ಇನ್ನೂ ನಾಜೂಕಿನದು. ಬೆಡಾಕ್ವಿಲಿನ್ ಮೊದಲ ಎರಡು ವಾರ ದಿನಕ್ಕೆ 400 ಮಿ.ಗ್ರಾಂ. ಮೂರನೇ ವಾರದಿಂದ 200 ಮಿ.ಗ್ರಾಂ., ವಾರಕ್ಕೆ ಮೂರೇ ದಿನ. ಎಡವುವುದು ಹೆಚ್ಚಾಗಿ ಇಲ್ಲೇ. ಅಭ್ಯಾಸಬಲದಿಂದ ದಿನವೂ ನುಂಗುವವರಿದ್ದಾರೆ. ಕ್ಯಾಲೆಂಡರಿನಲ್ಲಿ ಸೋಮ, ಬುಧ, ಶುಕ್ರಕ್ಕೆ ಕೆಂಪು ಸುತ್ತು ಹಾಕಿ ಗೋಡೆಗೆ ತೂಗುಹಾಕಿದ ಟಿಬಿ ಹೆಲ್ತ್ ವಿಸಿಟರ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆ. ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಊಟದ ಜೊತೆಗೇ ಆಗಬೇಕು. ಮಾಕ್ಸಿಫ್ಲಾಕ್ಸಾಸಿನ್ ಮಾತ್ರ ಕಬ್ಬಿಣದ ಮಾತ್ರೆ, ಅಸಿಡಿಟಿ ಔಷಧದ ಹತ್ತಿರ ಸುಳಿಯಬಾರದು. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್ ಎರಡೂ ಹೃದಯದ ಕ್ಯೂಟಿ ಅಂತರ (ಇಸಿಜಿಯಲ್ಲಿ ಕಾಣುವ ಒಂದು ಅವಧಿ; ಅತಿಯಾಗಿ ಹಿಗ್ಗಿದರೆ ಬಡಿತ ತಾಳ ತಪ್ಪಬಹುದು) ಹಿಗ್ಗಿಸುತ್ತವೆ, ವಾಂತಿಯಾಗಿ ಪೊಟ್ಯಾಷಿಯಂ ಇಳಿದರೆ ಅಪಾಯ ಹೆಚ್ಚು. ಹಾಗಾಗಿ ಇಸಿಜಿ ತಪ್ಪಿಸದೆ ಮಾಡಿದ ನರ್ಸ್‌ಗಳ ಉಪಕಾರ ದೊಡ್ಡದು. ‘ಪಾದ ಜೋಮು ಹಿಡಿಯುತ್ತಿದೆಯಾ? ಕೆಂಪು, ಹಸಿರು ಸರಿಯಾಗಿ ಕಾಣುತ್ತಿದೆಯಾ?’ ಎಂದು ಪ್ರತಿ ಭೇಟಿಯಲ್ಲೂ ಕೇಳಿದ್ದೂ ಅವರೇ. ಲಿನೆಜೋಲಿಡ್‌ನ ಉಪಟಳ ಕಾಲಿನ ನರ, ಕಣ್ಣಿನ ನರ, ರಕ್ತ ಈ ಮೂರು ಕಡೆ. ಬೇಗ ಗೊತ್ತಾದರೆ ಡೋಸ್ ಇಳಿಸಿ ಸಂಭಾಳಿಸಬಹುದು, ತಡವಾದರೆ ಕಣ್ಣಿಗೇ ಕುತ್ತು.

ಔಷಧ ಬೇಸರವಾಗಿ ಬಿಟ್ಟುಬಿಡುತ್ತೇನೆ ಅಂದವರನ್ನು ಮನೆಯವರು ಹಿಡಿದು ನಿಲ್ಲಿಸಿದ್ದರ ಬೆಲೆ ಅವರಿಗೆ ಗೊತ್ತಿರಲಿ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ ಉಳಿದ ಮೂರು ಬೇಗ ಮೈಯಿಂದ ಹೊರಹೋಗುತ್ತವೆ, ಬೆಡಾಕ್ವಿಲಿನ್ ಮಾತ್ರ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಉಳಿದಿರುತ್ತದೆ. ಒಂಟಿ ಔಷಧದೆದುರು ಬದುಕುಳಿದ ರೋಗಾಣುಗಳೇ ಆಮೇಲೆ ಅದಕ್ಕೂ ಬಗ್ಗದ ಸಂತಾನವಾಗುತ್ತವೆ.

ಹಾಗಂತ ಎಂಡಿಆರ್ ಬಂದವರೆಲ್ಲ ಮಾತ್ರೆ ಬಿಟ್ಟವರು ಅನ್ನುವುದು ಶುದ್ಧ ತಪ್ಪು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಕೈಜೋಡಿಸಿದ್ದ 2014–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದೆ ಎಂದೂ ಟಿಬಿ ಔಷಧ ಮುಟ್ಟದ ಹೊಸ ರೋಗಿಗಳಲ್ಲೇ ಶೇ 2.84ರಷ್ಟು ಮಂದಿಗೆ ಎಂಡಿಆರ್ ಇತ್ತು. ಗಾಳಿಯಲ್ಲಿ ಬಂದದ್ದಕ್ಕೆ ರೋಗಿಯನ್ನು ಬೈದು ಏನು ಪ್ರಯೋಜನ? ಆ ಲೆಕ್ಕ ಕೊಟ್ಟವರಿಗೂ ವಂದನೆ.

ನಾವು ನೋಡದ ಕೆಲವರಿಗೂ ಸಲ್ಲಬೇಕು. ದಕ್ಷಿಣ ಆಫ್ರಿಕಾದ ನಿಕ್ಸ್-ಟಿಬಿ ಪ್ರಯೋಗದ 109 ಮಂದಿ ದಿನಕ್ಕೆ 1200 ಮಿ.ಗ್ರಾಂ. ಲಿನೆಜೋಲಿಡ್ ತೆಗೆದುಕೊಂಡರು, ಹತ್ತರಲ್ಲಿ ಎಂಟು ಮಂದಿಗೆ ನರದ ತೊಂದರೆ ಕಾಣಿಸಿತು, ಹತ್ತರಲ್ಲಿ ಒಂಬತ್ತು ಮಂದಿಗೆ ಚಿಕಿತ್ಸೆ ಫಲಿಸಿತು. ಮುಂದೆ ನಡೆದ ಪ್ರಯೋಗದಲ್ಲಿ ಅರ್ಧ ಡೋಸ್ ಸಾಕೆಂದು ತಿಳಿಯಿತು. ನಮ್ಮವರು ನುಂಗಿದ 600 ಮಿ.ಗ್ರಾಂ.ನ ಹಿಂದೆ ಅವರ ಜೋಮು ಹಿಡಿದ ಪಾದಗಳಿವೆ. ಟಿಬಿ ಚಿಕಿತ್ಸೆಯ ಸೂಜಿಯಿಂದ ಕಿವಿ ಕಳೆದುಕೊಂಡ ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ 2019ರಲ್ಲಿ ಭಾರತದ ಪೇಟೆಂಟ್ ಕಚೇರಿಯೆದುರು ತಕರಾರು ಸಲ್ಲಿಸಿದರು. ಬೆಡಾಕ್ವಿಲಿನ್ ಪೇಟೆಂಟನ್ನು 2027ರವರೆಗೆ ಎಳೆಯುವ ಅರ್ಜಿ 2023ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಬೇರೆ ಕಂಪನಿಗಳೂ ಮಾತ್ರೆ ತಯಾರಿಸಲು ದಾರಿ ತೆರೆಯಿತು.

ಕೋರ್ಸ್ ಮುಗಿಸಿದವರೇ, ನೀವು ಸಹಿಸಿದ್ದನ್ನು ನಾವು ಹೊರಗಿನಿಂದ ನೋಡಿದವರಷ್ಟೇ. ಇನ್ನೊಂದು ಉಪಕಾರ ಮಾಡಿ: ಕೆಮ್ಮು ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ, ಎರಡು ವರ್ಷದವರೆಗೆ, ಪರೀಕ್ಷೆಗೆ ಬನ್ನಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ಅವರನ್ನೂ ಕರೆತನ್ನಿ, ನಿಮಗೆ ಎಂಡಿಆರ್ ಇತ್ತೆಂದು ಮೊದಲೇ ತಿಳಿಸಿ.