ಮಗು ಬೇಡ ಅಂತ ತಳ್ಳುವ ತಟ್ಟೆಗೂ ನಿಮ್ಮ ನೆರವು ಬೇಕು

ಆತ್ಮೀಯರೇ, ನಮಸ್ಕಾರ.

ನಮ್ಮದು ಮಂಡ್ಯ ಕಡೆಯ ಒಂದು ಸಣ್ಣ ಟ್ರಸ್ಟ್. ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಹಗಲು ಶಾಲೆ ನಡೆಸುತ್ತೇವೆ. ಇಲ್ಲಿಗೆ ಬರುವ ಮಕ್ಕಳ ಅಪ್ಪ ಅಮ್ಮ ಹೆಚ್ಚಾಗಿ ಕೂಲಿ, ಗಾರ್ಮೆಂಟ್ಸ್, ಆಟೋ, ಇಲ್ಲವೇ ತುಂಡು ಜಮೀನು ನೆಚ್ಚಿಕೊಂಡವರು. ಈ ಸಲ ನಾವು ಕೇಳುತ್ತಿರುವುದು ಕಟ್ಟಡಕ್ಕಲ್ಲ, ಕಂಪ್ಯೂಟರಿಗಲ್ಲ. ಮಕ್ಕಳ ಊಟಕ್ಕೆ. ಅದರಲ್ಲೂ ಮಗು ಮುಟ್ಟದೆ ಬಿಟ್ಟುಬಿಡುವ ಊಟವನ್ನೂ ಸೇರಿಸಿಯೇ ಕೇಳುತ್ತಿದ್ದೇವೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಊಟಕ್ಕೆ ರಚ್ಚೆ ಹಿಡಿಯದ ಮಗು ಯಾವ ಮನೆಯಲ್ಲಿದೆ ಅಂತ ನೀವು ಕೇಳಬಹುದು. ಆದರೆ ಆಟಿಸಂ ಇರುವ ಮಗುವಿನದು ರಚ್ಚೆ ಅಲ್ಲ. ನಾಲಿಗೆ, ಮೂಗು, ಕಿವಿಗೆ ತಾಗುವುದು ಎಷ್ಟೋ ಮಕ್ಕಳಿಗೆ ನಮಗಿಂತ ಜಾಸ್ತಿಯಾಗಿ ತಾಗುತ್ತದೆ. ಬೆಂಡೆಕಾಯಿಯ ಲೋಳೆ, ಒಗ್ಗರಣೆಯ ಘಾಟು, ಪಕ್ಕದವರು ಹಪ್ಪಳ ಮುರಿಯುವ ಸದ್ದು, ಇಷ್ಟೇ ಸಾಕು, ಗಂಟಲು ಮುಚ್ಚಿಕೊಂಡುಬಿಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2013ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ, ಊಟದ ತೊಂದರೆ ಆಟಿಸಂ ಇರುವ ಮಕ್ಕಳಲ್ಲಿ ಕಾಣುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಅವರ ಊಟದಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಕಡಿಮೆ ಇದ್ದದ್ದು ಅದರಲ್ಲೇ ಕಂಡುಬಂತು. ವರ್ಷಗಟ್ಟಲೆ ಎರಡು ಮೂರೇ ಪದಾರ್ಥ ತಿಂದು, ಸಿ ವಿಟಮಿನ್ ಇಲ್ಲದೆ ಸ್ಕರ್ವಿ ಬಂದು, ಕಾಲೂರಿ ನಡೆಯಲಾಗದೆ ಆಸ್ಪತ್ರೆ ಸೇರಿದ ಮಕ್ಕಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ಇದೆ. ಸ್ಕರ್ವಿ, ಈ ಕಾಲದಲ್ಲಿ!

ನಮ್ಮ ಶಾಲೆಯಲ್ಲಿ ಏಳು ವರ್ಷದ ಹುಡುಗನೊಬ್ಬ ಇದ್ದಾನೆ. ಬಂದಾಗ ಅವನು ತಿನ್ನುತ್ತಿದ್ದದ್ದು ಮೊಸರನ್ನ ಮತ್ತು ಒಂದೇ ಒಂದು ಕಂಪನಿಯ ಬಿಸ್ಕತ್ತು. ಮೊಸರನ್ನದಲ್ಲಿ ಸಾಸಿವೆ ಕಾಳು ಕಂಡರೆ ತಟ್ಟೆ ಆಚೆ. ಬಿಸ್ಕತ್ತು ಮುರಿದಿದ್ದರೆ ಅದೂ ಆಚೆ. ಹಿಂದಿನ ವರ್ಷ ಆ ಬಿಸ್ಕತ್ತಿನ ಪೊಟ್ಟಣದ ಬಣ್ಣ ಬದಲಾದಾಗ ಎರಡು ದಿನ ಏನೂ ತಿನ್ನಲಿಲ್ಲ. ನಮ್ಮ ಥೆರಪಿಸ್ಟ್ ಅವನನ್ನು ಬಲವಂತ ಮಾಡಲಿಲ್ಲ, ಅನ್ನದೊಳಗೆ ಏನನ್ನೂ ಬಚ್ಚಿಡಲೂ ಇಲ್ಲ. ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಗು ಅದುವರೆಗೆ ತಿನ್ನುತ್ತಿದ್ದದ್ದನ್ನೂ ಬಿಡುವ ಭಯ ಇರುತ್ತದೆ. ಊರಿನ ಬೇಕರಿಯವರಿಗೆ ಹೇಳಿ, ಅವನ ಬಿಸ್ಕತ್ತಿನ ಅಳತೆಗೇ ರಾಗಿ ಬಿಸ್ಕತ್ತು ಮಾಡಿಸಿದೆವು. ಮೊದಲು ಅದು ಮೇಜಿನ ಆ ತುದಿಯಲ್ಲಿ ಇತ್ತು, ಅಷ್ಟೇ. ಆಮೇಲೆ ಅವನ ತಟ್ಟೆಯ ಪಕ್ಕ. ಬೆರಳಲ್ಲಿ ಮುಟ್ಟಿದ, ಮೂಸಿದ, ಒಂದು ದಿನ ನಾಲಿಗೆಗೆ ತಾಗಿಸಿ ಇಟ್ಟ. ತಿಂಗಳುಗಳೇ ಹಿಡಿದವು. ಈಗ ಅದನ್ನು ತಿನ್ನುತ್ತಾನೆ, ಜೊತೆಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿಯುತ್ತಾನೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅವನ ಮೂಳೆಗೆ ಅದು ಎಷ್ಟು ಬೇಕಿತ್ತು ಅಂತ ನೀವೇ ಯೋಚಿಸಿ.

ಈಗ ಖರ್ಚಿನ ಮಾತು. ಯಾವ ಮಗುವೇ ಆಗಲಿ, ಹೊಸ ತಿಂಡಿಯನ್ನು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಮುಂದಿಡಬೇಕಾಗಬಹುದು. ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು. ಅಂದರೆ ಅಷ್ಟು ಸಲ ಬೇಯಿಸಿದ ಮೊಟ್ಟೆ, ಅಷ್ಟು ಸಲ ಹೆಚ್ಚಿದ ಹಣ್ಣು ಮಗುವಿನ ಹೊಟ್ಟೆಗೆ ಹೋಗುವುದಿಲ್ಲ. ದಿನಗೂಲಿ ಮನೆಯ ತಾಯಿ ಎಷ್ಟು ಸಲ ಅಂತ ಹಾಗೆ ಮಾಡ್ತಾಳೆ? ಎರಡು ಸಲ ನೋಡಿ, ತಿನ್ನೋದು ಖಾತ್ರಿ ಇರುವ ಬಿಸ್ಕತ್ತನ್ನೇ ಕೊಡುತ್ತಾಳೆ. ಅದು ಅವಳ ಅಜ್ಞಾನ ಅಲ್ಲ. ಇರುವ ದುಡ್ಡಿನಲ್ಲಿ ಮಗು ಹಸಿದು ಮಲಗಬಾರದು ಅನ್ನುವ ಲೆಕ್ಕ. ಆ ತಾಯಿಗೆ ಹೆದರದೆ ಪ್ರಯತ್ನ ಮಾಡುವ ಧೈರ್ಯ ಬರಬೇಕಾದರೆ ಅಡುಗೆಮನೆಯಲ್ಲಿ ಸ್ವಲ್ಪ ಜಾಸ್ತಿ ಇರಬೇಕು. ನಾವು ಕೇಳುತ್ತಿರುವುದು ಆ ಜಾಸ್ತಿಯನ್ನು.

ಎಲ್ಲ ಮಕ್ಕಳ ತೊಂದರೆಯೂ ಒಂದೇ ತರ ಅಲ್ಲ. ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮಧ್ಯಾಹ್ನ ಹಸಿವೇ ಆಗುವುದಿಲ್ಲ, ಸಂಜೆ ಒಮ್ಮೆಲೇ ಹಸಿವು ಬರುತ್ತದೆ. ಅವರಿಗೆ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಗಟ್ಟಿ ಊಟ ಬೇಕು. ಇನ್ನು ಕೆಲವರು ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಾರೆ. ಅಂಥ ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ಅದಕ್ಕೇ ಆ ಪರೀಕ್ಷೆಯ ಖರ್ಚನ್ನೂ ಈ ನಿಧಿಯಿಂದಲೇ ಕೊಡುತ್ತೇವೆ.

ಸರ್ಕಾರ ಕೊಡುವುದಿಲ್ವಾ ಅಂತ ಕೇಳುವವರಿದ್ದಾರೆ. ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಈಗ ಮೊಟ್ಟೆ ಅಥವಾ ಬಾಳೆಹಣ್ಣೂ ಇದೆ. ನಮ್ಮಲ್ಲಿಗೆ ಬರುವ ಮೊದಲು ಅಲ್ಲಿ ಓದುತ್ತಿದ್ದ ಮಕ್ಕಳೂ ಇದ್ದಾರೆ. ಆದರೆ ನೂರಾರು ಸ್ಟೀಲ್ ತಟ್ಟೆಗಳ ಸದ್ದಿನ ನಡುವೆ ಎರಡೂ ಕಿವಿ ಮುಚ್ಚಿಕೊಂಡು ಕೂತ ಮಗು ಯಾವ ಕೈಯಲ್ಲಿ ಊಟ ಮಾಡಬೇಕು ಹೇಳಿ?

ತಾಯಂದಿರ ಬಗ್ಗೆ ಹೇಳದೆ ಈ ಮನವಿ ಮುಗಿಯುವುದಿಲ್ಲ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವರೇ ಇವರಲ್ಲಿ ಹೆಚ್ಚು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಓಡಾಡಿ, ಬಸ್ಸಿನಲ್ಲಿ ಮಗುವನ್ನು ಸಮಾಧಾನ ಮಾಡಿ, ಮನೆಗೆ ಬಂದು ಅಡುಗೆ ಮಾಡಿ, ಕೊನೆಗೆ ಮಗು ಬಿಟ್ಟದ್ದನ್ನೇ ತಿಂದು ಮಲಗುತ್ತಾರೆ. ಮೇಲಿಂದ "ನೀನು ಸರಿಯಾಗಿ ತಿನ್ನಿಸಲ್ಲ" ಅಂತ ಮನೆಯವರ ಮಾತು ಬೇರೆ. ಆದ್ದರಿಂದ ನಾವು ಪ್ರತಿ ತಿಂಗಳು ಮನೆಗೆ ಕೊಡುವ ರೇಷನ್ ಕಿಟ್ ಮಗುವಿಗೆ ಮಾತ್ರ ಅಲ್ಲ. ತಾಯಿಗೂ, ಜೊತೆಗಿರುವ ಅಣ್ಣ ತಂಗಿಗೂ ಸಾಲುವ ಹಾಗೆ ಕಟ್ಟುತ್ತೇವೆ. ಒಂದು ಮಗುವಿನ ಕೈಗೆ ಮೊಟ್ಟೆ ಕೊಟ್ಟು ಇನ್ನೊಂದನ್ನು ನೋಡುತ್ತಾ ಕೂರಿಸುವುದು ನಮ್ಮಿಂದ ಆಗದ ಕೆಲಸ.

ಒಂದು ಮನೆಯ ಕಿಟ್‌ಗೆ ತಿಂಗಳ ಲೆಕ್ಕ ಹೀಗಿದೆ. ದಿನಕ್ಕೆ ಅರ್ಧ ಲೀಟರ್ ಹಾಲಿಗೆ ಸುಮಾರು 720 ರೂಪಾಯಿ, 60 ಮೊಟ್ಟೆಗೆ ಸುಮಾರು 420. ರಾಗಿ, ಹೆಸರುಬೇಳೆ, ಕಡ್ಲೆಬೀಜ, ಬೆಲ್ಲಕ್ಕೆ 500, ಹಣ್ಣಿಗೆ 360. ಒಟ್ಟು 2,000 ರೂಪಾಯಿ. ಒಂದು ಮನೆಯನ್ನು ಪೂರ್ತಿ ವಹಿಸಿಕೊಳ್ಳಲು ಆಗದಿದ್ದರೆ ಬರೀ ಮೊಟ್ಟೆಯ ಖರ್ಚು ವಹಿಸಿಕೊಳ್ಳಿ. ಅದೂ ದೊಡ್ಡದೇ. ರೈತರು ಸುಗ್ಗಿ ಮುಗಿದ ಮೇಲೆ ರಾಗಿ ಕೊಡಬಹುದು, ಆಲೆಮನೆಯವರು ಬೆಲ್ಲ ಕೊಡಬಹುದು.

ಒಂದು ವಿಷಯ ಬೇಜಾರು ಮಾಡಿಕೊಳ್ಳದೆ ಕೇಳಿ. ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಮಕ್ಕಳಿಗೆ ಊಟ ಹಾಕಿಸಬೇಕು ಅಂತ ತುಂಬಾ ಜನ ಪ್ರೀತಿಯಿಂದ ಫೋನ್ ಮಾಡುತ್ತಾರೆ. ದಯವಿಟ್ಟು ಮಾಡಿದ ಅಡುಗೆ, ಕೇಕು, ಬಲೂನು ತರಬೇಡಿ. ಹೊಸ ಮುಖ, ಹೊಸ ವಾಸನೆ, ಚಪ್ಪಾಳೆ ಎಲ್ಲ ಒಟ್ಟಿಗೆ ಬಂದರೆ ನಮ್ಮ ಮಕ್ಕಳು ದಿಕ್ಕು ತೋಚದೆ ಅಳುತ್ತಾರೆ, ಆ ದಿನ ಊಟವನ್ನೇ ಬಿಡುತ್ತಾರೆ. ಅದೇ ದಿನದ ಹೆಸರಲ್ಲಿ ಹಾಲು ಮೊಟ್ಟೆಯ ಖರ್ಚು ಕೊಡಿ. ಪುಣ್ಯ ಕಡಿಮೆ ಆಗಲ್ಲ.

ದೇಣಿಗೆಯ ದುಡ್ಡಿನಲ್ಲಿ ದುಬಾರಿ ಪೌಡರ್ ಡಬ್ಬಗಳನ್ನು ಕೊಳ್ಳುವುದಿಲ್ಲ. ಹಾಲು, ಗೋಧಿ ಬಿಡಿಸಿದರೆ ಆಟಿಸಂ ವಾಸಿಯಾಗುತ್ತದೆ ಅಂತ ಹೇಳುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಹಾಲು ಚಪಾತಿ ಎರಡನ್ನೇ ತಿನ್ನುವ ಮಗುವಿಗೆ ಅವೆರಡನ್ನೂ ಬಿಡಿಸಿದರೆ ಉಳಿಯುವುದೇನು? ಅಲರ್ಜಿ ಇದೆ ಅಂತ ಡಾಕ್ಟರೇ ಹೇಳಿದ್ದರೆ ಆ ಮಾತು ಬೇರೆ.

ಬ್ಯಾಂಕ್ ವಿವರ, ಕ್ಯೂಆರ್ ಕೋಡ್ ಈ ಮನವಿಯ ಜೊತೆಗಿವೆ. ರಸೀದಿ ಬೇಕಾದವರು ಪ್ಯಾನ್ ನಂಬರ್ ಕಳಿಸಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ದೇಣಿಗೆಯ ಮೇಲೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಇಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಅದಕ್ಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ನೀವು ಊರಿನಲ್ಲಿರುವ ನಿಮ್ಮವರಿಗೆ ಈ ಮನವಿ ತಲುಪಿಸಿದರೆ ಅದೇ ಉಪಕಾರ.

ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಮೇ ತಿಂಗಳ ಒಳಗೆ ದುಡ್ಡು ಬಂದರೆ ರಾಗಿ, ಬೇಳೆಯನ್ನು ಸಗಟು ದರದಲ್ಲಿ ಒಟ್ಟಿಗೆ ಕೊಳ್ಳಬಹುದು, ಇನ್ನೂ ನಾಲ್ಕು ಮನೆಗೆ ಕಿಟ್ ಹೋಗುತ್ತದೆ.